ಹದಿನೇಳನೆಯ ಲೆಕ್ಕದ ಮಾತೃಶ್ರೀಯವರು

ನಮ್ಮ ಕಾಲೇಜಿನ ಗೇಟು ದಾಟಿದ ಮೇಲೆ ನನ್ನ ಅವ್ವನನ್ನು ನಾನು ಅವ್ವ ಎಂದು ಕರೆಯುವ ಹಾಗಿರಲಿಲ್ಲ. ಎಲ್ಲೂ ಬರೆದಿಟ್ಟ ನಿಯಮವಲ್ಲ ಇದು, ಬಾಯಿಮಾತಿನದು. ಬರೆದಿಟ್ಟಿದ್ದರೆ ಆ ಕಾಗದ ಹಿಡಿದುಕೊಂಡು ಜಗಳವಾಡಬಹುದಿತ್ತು.

ಅವ್ವ ಅಲ್ಲಿ ಕಕ್ಕಸು ತೊಳೆಯುತ್ತಿದ್ದಳು. ನಾನು ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದೆ. ಅವಳದು ಇಪ್ಪತ್ತೆರಡು ವರ್ಷದ ಸೇವೆ, ನನ್ನದು ಎಂಟು. ಹಾಜರಿ ಪಟ್ಟಿಯಲ್ಲಿ ಅವಳು ‘ಕ್ಲೀನಿಂಗ್ ನಾಲ್ಕು’, ನಾನು ‘ಅತಿಥಿ ಉಪನ್ಯಾಸಕಿ’. ಎಂಟು ವರ್ಷದ ಅತಿಥಿ! ಬೇರೆ ಯಾರ ಮನೆಯಲ್ಲಾದರೂ ಅಷ್ಟು ವರ್ಷ ಕೂತಿದ್ದರೆ ಕುತ್ತಿಗೆ ಹಿಡಿದು ಆಚೆ ಹಾಕುತ್ತಿದ್ದರು. ಇಲ್ಲಿ ಆ ಭಯವಿರಲಿಲ್ಲ, ಏಕೆಂದರೆ ಕೂರುವುದಕ್ಕೆ ನನಗೆ ಕುರ್ಚಿಯನ್ನೇ ಕೊಟ್ಟಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಹನ್ನೊಂದು ಕುರ್ಚಿ, ಹನ್ನೊಂದು ಕಾಯಂ ಜನ. ನಾನು ಪ್ರಯೋಗಾಲಯದ ಕಟ್ಟೆಗೆ ಒರಗಿ ನಿಲ್ಲುತ್ತಿದ್ದೆ.

ನಿಯಮ ಹೇಳಿದ್ದು ಪ್ರಿನ್ಸಿಪಾಲರು, ನಾನು ಕೆಲಸಕ್ಕೆ ಸೇರಿದ ದಿನವೇ. ವಿದ್ಯಾರ್ಥಿಗಳು ಅವರಿಗೆ ‘ಪೀಠಿಕೆ’ ಎಂದು ಹೆಸರಿಟ್ಟಿದ್ದರು. ಯಾವ ಸಭೆಯಲ್ಲಿ ಮಾತಿಗೆ ನಿಂತರೂ ಪೀಠಿಕೆ ಮುಗಿಯುವಷ್ಟರಲ್ಲಿ ಸಭೆಯ ಸಮಯವೂ ಮುಗಿದಿರುತ್ತಿತ್ತು. ಬೇರೆಯವರ ಪುಸ್ತಕಕ್ಕೆ ಮುನ್ನುಡಿ ಬರೆಯುವುದರಲ್ಲೂ ಅವರದು ಎತ್ತಿದ ಕೈ. ಮುನ್ನುಡಿ ದಾಟಿ ಪುಸ್ತಕದ ಒಳಗೆ ಹೋಗಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ.

“ನಿಮ್ಮ ಅರ್ಜಿ ನೋಡ್ದೆ,” ಅಂದರು. “ತಾಯಿ ಇಲ್ಲೇ ಕೆಲಸ ಮಾಡ್ತಾರೆ ಅಂತ ಬರ್ದಿದೀರಿ.”

“ಹೌದು ಸಾರ್.”

“ನಮ್ಮಲ್ಲಿ ಭೇದಭಾವ ಅಂತ ಏನೂ ಇಲ್ಲ. ಆದ್ರೂ ವಿದ್ಯಾರ್ಥಿಗಳ ಮುಂದೆ, ಕಾರಿಡಾರಲ್ಲಿ, ಅವ್ವ ಗಿವ್ವ ಅಂತ ಕೂಗೋದು ಬೇಡ. ಸಂಸ್ಥೆಗೆ ಒಂದು ಘನತೆ ಅಂತ ಇರತ್ತೆ. ಅವರಿಗೂ ಹೇಳಿಬಿಡಿ.”

ಗಿವ್ವ ಯಾರೋ ನನಗೆ ಗೊತ್ತಿಲ್ಲ. ಅವ್ವನಿಗೆ ಹೇಳಿದೆ. ಅವಳು ಒದ್ದೆ ಕೈ ಒರೆಸಿಕೊಂಡು “ಆಗ್ಲಿ ಮೇಡಂ,” ಅಂದಳು. ನನ್ನನ್ನು ನಗಿಸುವುದಕ್ಕೆ ಅಂದಿದ್ದು. ನಾನೂ ನಕ್ಕೆ. ಮಾರನೆಯ ದಿನದಿಂದ ಅದೇ ಆಗಿಹೋಯಿತು. ಮನೆಯಲ್ಲಿ ಮಗಳು, ಗೇಟಿನೊಳಗೆ ಮೇಡಂ. ನಾನು ಅವಳಿಗೆ ‘ಏನಮ್ಮಾ’ ಅನ್ನುತ್ತಿದ್ದೆ, ‘ಸ್ವಲ್ಪ ಸರಿಯಮ್ಮಾ’ ಅನ್ನುತ್ತಿದ್ದೆ. ಆ ಕಾಲೇಜಿನಲ್ಲಿ ನನಗೆ ಕಾಯಂ ಆದದ್ದು ಅದೊಂದೇ.

ಮೂರು ಮಹಡಿ, ಹದಿನೆಂಟು ಕಕ್ಕಸು. ಬೆಳಿಗ್ಗೆ ಆರಕ್ಕೆ ಶುರು. ಕುಕ್ಕರುಗಾಲಲ್ಲಿ ಕೂತು, ಒಂದು ಕೈ ಗೋಡೆಗೆ ಊರಿ, ಇನ್ನೊಂದು ಕೈಯಲ್ಲಿ ಬ್ರಷ್ ಹಿಡಿದು ಉಜ್ಜಬೇಕು. ಕಲೆ ಹೋಗದಿದ್ದರೆ ಆಸಿಡ್. ಐದು ಲೀಟರಿನ ಬಿಳಿ ಕ್ಯಾನಿನಲ್ಲಿ ಬರುತ್ತಿತ್ತು. ಕೈಗವಸು ಕೇಳಿದರೆ ಬೇಡಿಕೆ ಪಟ್ಟಿ ಮೇಲಕ್ಕೆ ಹೋಗಿದೆ ಅನ್ನುತ್ತಿದ್ದರು. ಆ ಪಟ್ಟಿ ಇಪ್ಪತ್ತೆರಡು ವರ್ಷದಿಂದ ಮೇಲಕ್ಕೆ ಹೋಗುತ್ತಲೇ ಇತ್ತು. ಅವ್ವನ ಬೆರಳ ತುದಿಯ ಗೆರೆಗಳು ಸುಟ್ಟು ಅಳಿಸಿಹೋದವು. ಬೆರಳಿಟ್ಟು ಹಾಜರಿ ಹಾಕುವ ಯಂತ್ರ ಬಂದಾಗ ಅದು ಅವಳನ್ನು ಗುರುತೇ ಹಿಡಿಯಲಿಲ್ಲ. ದಿನಾ ಬೆಳಿಗ್ಗೆ ಹತ್ತು ಬೆರಳನ್ನೂ ಒಂದೊಂದಾಗಿ ಇಟ್ಟು ನೋಡುತ್ತಿದ್ದಳು. ಆಸಿಡ್ ಕೊಟ್ಟವರೂ ಅವರೇ, ಬೆರಳು ಸರಿಯಾಗಿ ಇಡೋಕೆ ಬರಲ್ವಾ ಎಂದು ಗದರಿಸಿದವರೂ ಅವರೇ.

ಅವ್ವನಿಗೆ ಓದು ಬರದು. ಒಂದೇ ಒಂದು ಪದ ಓದುತ್ತಾಳೆ. ಕೆಲಸಕ್ಕೆ ಸೇರಿದ ದಿನ ಮೇಲ್ವಿಚಾರಕ ಅವಳನ್ನು ಸ್ಟಾಫ್ ರೂಮಿಗೆ ಕರೆದುಕೊಂಡು ಹೋಗಿ, ಕುಡಿಯುವ ನೀರಿನ ಡ್ರಮ್ಮಿನ ಮೇಲೆ ತೂಗುಹಾಕಿದ್ದ ಹಲಗೆ ತೋರಿಸಿದ್ದ. ‘ಮುಟ್ಟಬೇಡಿ’ ಎಂದು ಕೆಂಪು ಬಣ್ಣದಲ್ಲಿ ಬರೆದಿತ್ತು. “ಇದು ನಿಂಗೆ,” ಅಂದಿದ್ದ. ಎಷ್ಟು ಗೌರವ ನೋಡಿ, ಹಲಗೆಯಲ್ಲಿ ಬಹುವಚನ, ಬಾಯಲ್ಲಿ ಏಕವಚನ. ಆ ಪದದ ಆಕಾರ ಅವ್ವನ ಕಣ್ಣಲ್ಲಿ ಕೂತುಬಿಟ್ಟಿತು. ಎಲ್ಲಿ ಕಂಡರೂ ಗುರುತಿಸುತ್ತಾಳೆ.

ಇನ್ನು ಪುಸ್ತಕದ ವಿಷಯ. ನಮ್ಮ ವಿದ್ಯಾರ್ಥಿಗಳಿಗೆ ಅವರ ಮಾತಿನಲ್ಲಿ ರಸಾಯನಶಾಸ್ತ್ರದ ಒಂದು ಪುಸ್ತಕವೂ ಇರಲಿಲ್ಲ. ಗ್ರಂಥಾಲಯದಲ್ಲಿ ಪರಭಾಷೆಯ ಒಂದು ದಪ್ಪ ಪುಸ್ತಕವಿತ್ತು. ಗಾಜಿನ ಬೀರು, ಬೀರುವಿಗೆ ಬೀಗ, ಬೀಗದ ಕೈ ಪೀಠಿಕೆಯವರ ಮೇಜಿನ ಖಾನೆಯಲ್ಲಿ. ಮಕ್ಕಳು ಗಾಜಿನ ಈಚೆ ನಿಂತು ಪುಸ್ತಕದ ಬೆನ್ನು ಓದಿಕೊಂಡು ಪರೀಕ್ಷೆಗೆ ಹೋಗುತ್ತಿದ್ದರು. ನನಗೆ ರೇಗಿಹೋಯಿತು. ನಾನೇ ಬರೆದೆ. ಎರಡು ವರ್ಷ, ಮಧ್ಯಾಹ್ನದ ಬಿಡುವಿನಲ್ಲಿ, ಪ್ರಯೋಗಾಲಯದ ಕಟ್ಟೆಯ ಮೇಲೆ, ನಿಂತುಕೊಂಡೇ ಬರೆದೆ. ಹನ್ನೆರಡು ಪಾಠ ಆಯಿತು. ಅದನ್ನು ಅಂತರ್ಜಾಲದಲ್ಲಿರುವ ಒಂದು ಮುಕ್ತ ಪಠ್ಯಗಳ ಭಂಡಾರಕ್ಕೆ ಹಾಕಿದೆ. ಮೊದಲ ಪುಟದಲ್ಲಿ ಬರೆದೆ: ‘ಇದನ್ನು ಯಾರು ಬೇಕಾದರೂ ಓದಬಹುದು, ನಕಲು ಮಾಡಬಹುದು, ತಿದ್ದಬಹುದು, ಹಂಚಬಹುದು. ಒಂದೇ ಷರತ್ತು. ಬರೆದವರು ಯಾರೆಂದು ಹೇಳಬೇಕು.’

ಮಕ್ಕಳು ಫೋನಿನಲ್ಲಿ ಓದಿದರು. ಬಸ್ಸಿನಲ್ಲಿ ನಿಂತುಕೊಂಡು ಓದಿದರು. “ಮೇಡಂ, ಐದನೇ ಪಾಠದಲ್ಲಿ ಸಮೀಕರಣ ತಪ್ಪಾಗಿದೆ,” ಎಂದು ಬಂದು ಹೇಳಿದರು. ಮಕ್ಕಳು ಪುಸ್ತಕದ ತಪ್ಪು ಹಿಡಿಯುತ್ತಿದ್ದಾರೆ! ಅದಕ್ಕಿಂತ ದೊಡ್ಡ ಬಹುಮಾನ ನನಗೆ ಯಾರೂ ಕೊಟ್ಟಿಲ್ಲ. ಎಲ್ಲೋ ದೂರದ ಮೇಷ್ಟರೊಬ್ಬರು ನನ್ನ ಉಪ್ಪಿನ ಪಾಠ ತೆಗೆದುಕೊಂಡು, ತಮ್ಮೂರಿನ ಬಾವಿ ನೀರಿನ ಲೆಕ್ಕ ಸೇರಿಸಿ, ನನ್ನ ಹೆಸರು ಮೇಲೆ ಹಾಕಿ, ನೋಡಿ ಎಂದು ವಾಪಸ್ ಕಳಿಸಿದರು. ಅವರ ಮುಖ ನಾನು ನೋಡಿಲ್ಲ, ನನ್ನದು ಅವರು ನೋಡಿಲ್ಲ. ಆದರೂ ಹೆಸರು ಹಾಕಿದ್ದರು.

ಪಾಠಕ್ಕೆ ಉದಾಹರಣೆಗಳು ಬೇಕಲ್ಲ, ಎಲ್ಲಾ ಅವ್ವನ ಬಕೆಟ್ಟಿನಿಂದಲೇ ತೆಗೆದೆ. ಸೋಪು ಏಕೆ ನೊರೆಯಾಗುತ್ತದೆ, ಫಿನಾಯಿಲ್ ನೀರಿಗೆ ಬಿದ್ದರೆ ಏಕೆ ಬೆಳ್ಳಗಾಗುತ್ತದೆ, ನಲ್ಲಿಯ ಬಾಯಿಗೆ ಕಟ್ಟುವ ಬಿಳಿ ಕಲ್ಲು ಯಾವುದು. ಬರೆದದ್ದನ್ನು ಅವ್ವನಿಗೆ ಓದಿ ಹೇಳುತ್ತಿದ್ದೆ. “ಅದು ಹಾಗಲ್ಲ ಕಣೇ, ಮೊದ್ಲು ನೊರೆ ಬರಲ್ಲ, ತಿಕ್ಕಿದ ಮೇಲೆ ಬರತ್ತೆ,” ಎಂದು ತಿದ್ದುತ್ತಿದ್ದಳು. ಮೂರನೆಯ ಪಾಠದ ಹದಿನೇಳನೆಯ ಲೆಕ್ಕವನ್ನು ಮಾತ್ರ ಅವಳಿಗೆ ಓದಿ ಹೇಳುವಾಗ ನಾನು ಹಾಳೆಯಿಂದ ಕಣ್ಣೆತ್ತಲಿಲ್ಲ.

ಏಕೆಂದರೆ ಅದು ನಡೆದದ್ದು. ಪೀಠಿಕೆಯವರ ಕೋಣೆಗೆ ಅಂಟಿಕೊಂಡು ಅವರಿಗೇ ಅಂತ ಒಂದು ಕಕ್ಕಸಿದೆ. ಒಂದು ದಿನ ಅಲ್ಲಿ ಕಲೆ ಹೋಗಲಿಲ್ಲ. ಇವತ್ತೇ ಬೆಳ್ಳಗಾಗಬೇಕು ಎಂದು ಮೇಲ್ವಿಚಾರಕ ಹಟ ಹಿಡಿದ. ಅವ್ವ ಆಸಿಡ್ ಸುರಿದು, ಅದರ ಮೇಲೆ ಬ್ಲೀಚಿಂಗ್ ಪುಡಿ ಹಾಕಿದಳು. ಯಾರೂ ಅವಳಿಗೆ ಹೇಳಿರಲಿಲ್ಲ. ಹಸಿರು ಹಳದಿ ಹೊಗೆ ಎದ್ದಿತು. ಅವ್ವ ಕೆಮ್ಮಿದಳು. ಕೋಣೆಯಲ್ಲಿ ಸಭೆ ನಡೆಯುತ್ತಿತ್ತು. “ಏನದು ಗಲಾಟೆ, ಬಾಗಿಲು ಹಾಕಿ,” ಅಂದರಂತೆ ಪೀಠಿಕೆ. ಬಾಗಿಲು ಹಾಕಿದರು. ಅವ್ವ ಒಳಗೆ.

ಸಭೆ ಮುಗಿದ ಮೇಲೆ ತೆಗೆದರು. ಅವಳು ಕಾರಿಡಾರಿಗೆ ಬಂದು ಗೋಡೆ ಹಿಡಿದು ವಾಂತಿ ಮಾಡುತ್ತಿದ್ದಳು. ನಾನು ತರಗತಿ ಬಿಟ್ಟು ಓಡಿ ಬಂದೆ. ನನ್ನ ಹಿಂದೆ ನಲವತ್ತು ಮಕ್ಕಳು. ನಾನು ಅವಳ ಬೆನ್ನು ಸವರಲಿಲ್ಲ. ಎರಡು ಅಡಿ ದೂರ ನಿಂತು “ಏನಮ್ಮಾ, ಏನಾಯ್ತು?” ಅಂದೆ. ಅವಳು ಕಣ್ಣಲ್ಲಿ ನೀರು ಸುರಿಸಿಕೊಂಡು “ಏನಿಲ್ಲ ಮೇಡಂ,” ಅಂದಳು. ಥೂ ನನ್ನ ಜನ್ಮಕ್ಕೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಆಮೇಲೆ ನಾನು ಬರೆದ ಲೆಕ್ಕ ಹೀಗಿತ್ತು:

‘ನನ್ನ ಅವ್ವ ದಿನಕ್ಕೆ ಹದಿನೆಂಟು ಕಕ್ಕಸು ತೊಳೆಯುತ್ತಾಳೆ. ಅವ್ವನಿಗೆ ಕೊಡುವ ಆಸಿಡ್ ನೂರಕ್ಕೆ ಮೂವತ್ತರಷ್ಟು ಗಟ್ಟಿ. ಅದನ್ನು ನೂರಕ್ಕೆ ಮೂರಕ್ಕೆ ಇಳಿಸಿದರೆ ಅವ್ವನ ಕೈ ಅಷ್ಟು ಸುಡುವುದಿಲ್ಲ. (ಅ) ಒಂದು ಮಗ್ಗು ಆಸಿಡ್ಡಿಗೆ ಎಷ್ಟು ಮಗ್ಗು ನೀರು ಬೇಕು? (ಆ) ಆಸಿಡ್ಡಿಗೆ ನೀರು ಹಾಕಬೇಕೋ, ನೀರಿಗೆ ಆಸಿಡ್ ಹಾಕಬೇಕೋ? (ಇ) ಒಂದು ದಿನ ಅವ್ವ ಪ್ರಿನ್ಸಿಪಾಲರ ಕಕ್ಕಸಿನಲ್ಲಿ ಆಸಿಡ್ಡಿನ ಮೇಲೆ ಬ್ಲೀಚಿಂಗ್ ಪುಡಿ ಹಾಕಿದಳು. ಯಾವ ಅನಿಲ ಬಂತು? (ಈ) ಅವ್ವ ಕೆಮ್ಮಿದಾಗ ಪ್ರಿನ್ಸಿಪಾಲರು ಬಾಗಿಲು ಮುಚ್ಚಿಸಿದರು. ಇದರಿಂದ ಏನಾಯಿತು?’

“ನನ್ನ ಹೆಸ್ರು ಹಾಕಿಲ್ಲ ತಾನೆ?” ಅಂದಳು ಅವ್ವ.

“ಇಲ್ಲ. ಅವ್ವ ಅಂತ ಇದೆ.”

“ಸಾಕು. ಯಾವ ಅವ್ವ ಅಂತ ಯಾರಿಗೆ ಗೊತ್ತಾಗತ್ತೆ ಬಿಡು.”

ಹೀಗಿರುವಾಗ ಕಾಲೇಜಿಗೆ ದರ್ಜೆ ಕೊಡುವ ತಪಾಸಣಾ ತಂಡ ಬರುವುದೆಂದು ಪತ್ರ ಬಂತು. ಅದರಲ್ಲಿ ಒಂದು ಪ್ರಶ್ನೆ: ‘ನಿಮ್ಮ ಸಂಸ್ಥೆ ಬೋಧನೆಗಾಗಿ ಸಿದ್ಧಪಡಿಸಿದ ಮುಕ್ತ ಕಲಿಕಾ ಸಂಪನ್ಮೂಲಗಳು ಯಾವುವು?’ ಪೀಠಿಕೆ ನನ್ನನ್ನು ಕರೆಸಿದರು. ನಿಲ್ಲಿಸಿಯೇ ಮಾತಾಡಿದರು.

“ನೀವೇನೋ ನೋಟ್ಸ್ ಹಾಕಿದೀರಂತಲ್ಲ. ಮುಕ್ತ ಅಂತೆ?”

“ಪುಸ್ತಕ ಸಾರ್. ಹೌದು, ಮುಕ್ತ.”

“ಮುಕ್ತ ಅಂದ್ಮೇಲೆ ಯಾರದ್ದೂ ಅಲ್ಲ ಅಂತಾಯ್ತು.”

“ಎಲ್ಲರದ್ದೂ ಅಂತ ಸಾರ್. ಬರೆದವರ ಹೆಸರು ಹೇಳ್ಬೇಕು, ಅಷ್ಟೆ.”

“ಹೇಳೋಣ, ಹೇಳೋಣ. ಕೃತಜ್ಞತೆಯಲ್ಲಿ ಬರತ್ತೆ. ಹೊರಗಡೆ ಸಂಸ್ಥೆಯ ಮುಖ್ಯಸ್ಥನ ಹೆಸರಿದ್ರೆ ತೂಕ. ಅತಿಥಿಯ ಹೆಸರು ಹಾಕಿದ್ರೆ, ಇಲ್ಲಿ ಕಾಯಂ ಜನ ಏನ್ ಮಾಡ್ತಿದಾರೆ ಅಂತ ಕೇಳ್ತಾರೆ.”

ಸರಿಯಾದ ಪ್ರಶ್ನೆಯೇ. ನಾನು ಬಾಯಿ ತೆಗೆಯುವಷ್ಟರಲ್ಲಿ ಅವರು ಮೇಜಿನ ಮೇಲಿದ್ದ ಹಾಳೆ ನನ್ನ ಕಡೆ ತಿರುಗಿಸಿದರು. ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುವ ಅತಿಥಿಗಳ ಪಟ್ಟಿ. ನನ್ನ ಹೆಸರಿನ ಮುಂದೆ ಏನೂ ಗುರುತು ಹಾಕಿರಲಿಲ್ಲ. ಅದರ ಕೆಳಗೆ ಶುಚಿತ್ವದವರ ಪಟ್ಟಿ. ಕ್ಲೀನಿಂಗ್ ನಾಲ್ಕರ ಮುಂದೆಯೂ ಖಾಲಿ. ನನ್ನ ಹೆಸರು ಪಟ್ಟಿಯಲ್ಲಿ ಇರಬೇಕೋ ಪುಸ್ತಕದ ಮೇಲೆ ಇರಬೇಕೋ, ಆರಿಸಿಕೋ ಅಂದ ಹಾಗಾಯಿತು. ನಾನು ಬಾಯಿ ಮುಚ್ಚಿದೆ.

ಅವರು ನನ್ನ ಪುಸ್ತಕದ ಪ್ರಿಂಟ್ ತೆಗೆದು ಮೊದಲ ಪಾಠದ ಮೊದಲ ಪುಟ ತಿರುವಿದರು. ಮುಖ ಕಿವುಚಿದರು. “ಇದೇನ್ರೀ ಭಾಷೆ? ಅವ್ವ, ಕಕ್ಕಸು... ಗ್ರಂಥ ಅಂದ್ಮೇಲೆ ಗೌರವ ಇರ್ಬೇಕು. ಅವ್ವ ಇರೋ ಕಡೆಯಲ್ಲೆಲ್ಲ ಮಾತೃಶ್ರೀಯವರು ಅಂತ ಮಾಡ್ಸಿ. ಕಕ್ಕಸು ತೆಗ್ಸಿ, ಶೌಚಗೃಹ ಅಂತ ಹಾಕ್ಸಿ.” ಕಚೇರಿಯ ಟೈಪಿಸ್ಟನನ್ನು ಕೂಗಿ ಅವನಿಗೂ ಅದನ್ನೇ ಹೇಳಿದರು. ಎರಡನೆಯ ಪುಟ ತಿರುವಲಿಲ್ಲ. ಮುನ್ನುಡಿ ಬರೆಯುವುದಿತ್ತು.

ಹದಿನೈದು ದಿನದಲ್ಲಿ ಪುಸ್ತಕ ಅಚ್ಚಾಗಿ ಬಂತು. ಹೊಳೆಯುವ ರಟ್ಟಿನ ಮೇಲೆ ಪೀಠಿಕೆಯವರ ಹೆಸರು, ಹಿಂಬದಿಯಲ್ಲಿ ಅವರ ನಗುವ ಚಿತ್ರ. ಒಂಬತ್ತು ಪುಟದ ಮುನ್ನುಡಿ. ಕೃತಜ್ಞತೆಯ ಕೊನೆಯ ಸಾಲು: ‘ಸಹಕರಿಸಿದ ಅತಿಥಿ ವರ್ಗಕ್ಕೂ ಋಣಿ.’ ನಾನು ಹಲ್ಲು ಕಚ್ಚಿಕೊಂಡು ಮೂರನೆಯ ಪಾಠ ತೆಗೆದೆ.

‘ನನ್ನ ಮಾತೃಶ್ರೀಯವರು ದಿನಕ್ಕೆ ಹದಿನೆಂಟು ಶೌಚಗೃಹ ತೊಳೆಯುತ್ತಾಳೆ. ಮಾತೃಶ್ರೀಯವರುನಿಗೆ ಕೊಡುವ ಆಸಿಡ್ ನೂರಕ್ಕೆ ಮೂವತ್ತರಷ್ಟು ಗಟ್ಟಿ. ಅದನ್ನು ನೂರಕ್ಕೆ ಮೂರಕ್ಕೆ ಇಳಿಸಿದರೆ ಮಾತೃಶ್ರೀಯವರುನ ಕೈ ಅಷ್ಟು ಸುಡುವುದಿಲ್ಲ.’

ಮಾತೃಶ್ರೀಯವರುನ! ಅಯ್ಯೋ ದೇವರೇ. ಪ್ರಯೋಗಾಲಯದ ಬಾಗಿಲು ಹಾಕಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಗುತ್ತಾ ನಗುತ್ತಾ ಆ ನೀರು ಬೇರೆ ನೀರಾಯಿತು. ‘ಪ್ರಿನ್ಸಿಪಾಲರ ಕಕ್ಕಸಿನಲ್ಲಿ’ ಎಂಬುದು ಹಾಗೇ ಉಳಿದಿತ್ತು. ಟೈಪಿಸ್ಟನನ್ನು ಹಿಡಿದು ಕೇಳಿದೆ.

“ನಾನೇನ್ ಮಾಡ್ಲಿ ಮೇಡಂ? ಅವ್ವ ಅಂತ ಕೊಟ್ಟೆ, ಮಾತೃಶ್ರೀಯವರು ಅಂತ ಕೊಟ್ಟೆ, ಗುಂಡಿ ಒತ್ತಿದೆ. ಇಪ್ಪತ್ತೇಳು ಕಡೆ ಬದಲಾಯ್ತು ಅಂತ ತೋರಿಸ್ತು. ಕಕ್ಕಸು ಅಂತ ಇರೋ ಕಡೆ ಬದಲಾಯ್ತು. ಕಕ್ಕಸಿನ ಅಂತ ಇರೋದು ಅದಕ್ಕೆ ಸಿಗ್ಲಿಲ್ಲ.”

“ಓದಿ ನೋಡ್ಲಿಲ್ವಾ?”

“ಓದು ಅಂತ ಅವ್ರು ಹೇಳ್ಲಿಲ್ಲ.”

ತಪ್ಪು ಕಂಡರೆ ತಿದ್ದುವುದು ನನ್ನ ಕಸುಬು. ಹೊಟ್ಟೆ ಉರಿಯುತ್ತಿದ್ದರೂ ಪುಸ್ತಕ ಹಿಡಿದು ಪೀಠಿಕೆಯವರ ಕೋಣೆಯ ತನಕ ಹೋದೆ. ಬಾಗಿಲ ಸಂದಿಯಿಂದ ಅವರ ದನಿ ಬಂತು: “ಅತಿಥಿಗಳೆಲ್ಲ ಹೀಗೆ ನುಗ್ಗೋ ಹಾಗಿಲ್ಲ. ತಂಡ ಬಂದು ಹೋದ ಮೇಲೆ ನೋಡೋಣ.” ಬಹಳ ಒಳ್ಳೆಯದು ಸಾರ್, ಅಂದೆ. ಆ ಕೋಣೆಯಿಂದ ಅಷ್ಟು ಸುಖವಾಗಿ ನಾನು ಯಾವತ್ತೂ ವಾಪಸ್ ಬಂದಿರಲಿಲ್ಲ.

ತಂಡ ಬಂದ ದಿನ ಕಾಲೇಜು ಥಳಥಳ ಹೊಳೆಯುತ್ತಿತ್ತು. ಹೊಳೆಯಿಸಿದವಳಿಗೆ ಹಿಂದಿನ ಮೆಟ್ಟಿಲ ಕೆಳಗೆ ಬಕೆಟ್ ಸಮೇತ ಕೂತಿರಲು ಅಪ್ಪಣೆಯಾಗಿತ್ತು. ನೀರಿನ ಡ್ರಮ್ಮಿನ ಮೇಲಿನ ‘ಮುಟ್ಟಬೇಡಿ’ ಹಲಗೆ ಮಾತ್ರ ಇಳಿಸಿದ್ದರು. ನನ್ನನ್ನು ಪ್ರಯೋಗಾಲಯದ ಗೋಡೆ ಪಕ್ಕ ನಿಲ್ಲಿಸಿದ್ದರು, ಬೇಕಾದ ಸಾಮಾನು ಎತ್ತಿಕೊಡಲು. ಬೆಂಚುಗಳಲ್ಲಿ ಮೂವತ್ತು ವಿದ್ಯಾರ್ಥಿಗಳು. ಮೂವರ ತಂಡಕ್ಕೆ ಮುಖ್ಯಸ್ಥೆ ಒಬ್ಬ ಹಿರಿಯ ಮೇಡಂ. ನಿವೃತ್ತರು, ರಸಾಯನಶಾಸ್ತ್ರದವರು. ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದರು. ಸ್ವಲ್ಪ ಕಿವಿ ಮಂದ, ಹಾಗಾಗಿ ದನಿ ದೊಡ್ಡದು.

ಪೀಠಿಕೆ ಪುಸ್ತಕವನ್ನು ಎರಡೂ ಕೈಯಲ್ಲಿ ಕೊಟ್ಟು ಮಾತಿಗೆ ಶುರುಮಾಡಿದರು. ಜ್ಞಾನದ ಮುಕ್ತ ಹರಿವು, ಜ್ಞಾನದ ಬಾಗಿಲುಗಳು ಎಲ್ಲರಿಗೂ ತೆರೆದಿರಬೇಕಾದ ಅಗತ್ಯ, ಹೀಗೆ ಸಾಗಿತ್ತು. ಮೇಡಮ್ಮಿಗೆ ಅರ್ಧ ಕೇಳಿಸಲಿಲ್ಲವೋ ಏನೋ, ಅವರು ಪುಸ್ತಕ ತೆರೆದು ಓದತೊಡಗಿದರು. ಮುನ್ನುಡಿಯನ್ನು ಒಂದೇ ಸಲಕ್ಕೆ ಹಿಡಿದು ಮಗುಚಿ ಒಳಗೆ ಹೋದರು. ಪೀಠಿಕೆಯವರ ಪುಸ್ತಕವನ್ನು ಹಾಗೆ ಓದಿದವರು ಅವರೇ ಮೊದಲಿರಬೇಕು.

“ಈ ಲೆಕ್ಕ,” ಅಂದರು, ಬೆರಳಿಟ್ಟು. “ಹದಿನೇಳನೇದು. ನಿಮ್ಮ ತಾಯಿಯವರ ವಿಷಯ ಬರ್ದಿದೀರಿ?”

ಪೀಠಿಕೆ ತಡವರಿಸಲಿಲ್ಲ. ತಾಯಿ ಎಂದರೆ ಅವರ ಬಳಿ ಪೀಠಿಕೆ ಸಿದ್ಧವಿತ್ತು. “ಹೌದು ಮೇಡಂ. ನನ್ನ ಬದುಕೇ ಮಾತೃಶ್ರೀಯವರ ತ್ಯಾಗದ ಫಲ. ನಾನು ಇವತ್ತು ಏನಾಗಿದ್ದೀನೋ ಅದೆಲ್ಲಾ ಅವರು ಸವೆಸಿದ ಕೈಗಳ...”

“ದಿನಕ್ಕೆ ಹದಿನೆಂಟು ಕಕ್ಕಸು ತೊಳೆದು ನಿಮ್ಮನ್ನ ಓದಿಸಿದ್ರಾ!” ಮೇಡಂ ಎದ್ದೇ ನಿಂತರು. ಅವರ ದನಿ ಹಿಂದಿನ ಬೆಂಚಿಗೂ ಕೇಳಿಸಿತು.

ಪೀಠಿಕೆಯವರ ಮುಖ ನೋಡಬೇಕಿತ್ತು ನೀವು. ಜೀವಮಾನದಲ್ಲಿ ಮೊದಲ ಬಾರಿಗೆ ಅವರ ಪೀಠಿಕೆ ಚಿಕ್ಕದಾಗಿ ಮುಗಿಯಿತು.

“ಅದು... ಅಂದ್ರೆ... ಶ್ರಮ ಯಾವುದಾದ್ರೂ...”

“ತೊಳೆಯುತ್ತಾಳೆ ಅಂತ ಇದೆ. ಈಗ್ಲೂ ತೊಳೀತಾರಾ? ನೀವು ಪ್ರಿನ್ಸಿಪಾಲ್ ಆದ ಮೇಲೂ?” ಮೇಡಂ ಇನ್ನೊಂದು ಸಾಲಿಗೆ ಕನ್ನಡಕ ಹತ್ತಿರ ಹಿಡಿದರು. “ಪ್ರಿನ್ಸಿಪಾಲರ ಕಕ್ಕಸಿನಲ್ಲಿ... ಮಾತೃಶ್ರೀಯವರು ಕೆಮ್ಮಿದಾಗ ಪ್ರಿನ್ಸಿಪಾಲರು ಬಾಗಿಲು ಮುಚ್ಚಿಸಿದರು. ಪ್ರಿನ್ಸಿಪಾಲರು ನೀವೇ ಅಲ್ವೇನ್ರೀ? ಹೆತ್ತ ತಾಯಿ ಒಳಗಿರುವಾಗ ಬಾಗಿಲು ಹಾಕ್ಸಿದ್ರಾ?”

ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಪೀಠಿಕೆಯವರಿಗೆ ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ನಾನು ಬರೆದಿದ್ದಲ್ಲ ಎಂದರೆ ಪುಸ್ತಕ ಹೋಯಿತು. ನಾನೇ ಬರೆದದ್ದು ಎಂದರೆ ಕಕ್ಕಸು ತೊಳೆಯುವವಳು ತಾಯಿಯಾದಳು. ಯಾವುದು ಹೆಚ್ಚು ಅವಮಾನವೆಂದು ಅವರು ತೂಗಿ ನೋಡುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು. ಕೊನೆಗೆ ಮೂರನೆಯ ದಾರಿ ಹೊಳೆಯಿತು. ಮುಖ ಅರಳಿತು.

“ತಪ್ಪು ತಿಳ್ಕೊಂಡ್ರಿ ಮೇಡಂ. ನಮ್ಮ ಕಾಲೇಜಿನಲ್ಲಿ ಶುಚಿತ್ವದ ಕೆಲಸ ಮಾಡೋ ಒಬ್ಬ ಹಿರಿಯ ಹೆಂಗಸಿದ್ದಾರೆ. ಅವರು ನನಗೆ ತಾಯಿ ಸಮಾನ. ತಾಯಿ ಅಂತಲೇ ನಾನು ಕರೆಯೋದು. ಆ ಭಾವನೆಯಲ್ಲಿ ಬರ್ದಿದೀನಿ.”

“ಹೌದಾ? ಕರೆಸಿ ಅವರನ್ನ.”

ಮುಂದಿನ ಬೆಂಚಿನ ಹುಡುಗಿ ಯಾರೂ ಹೇಳುವ ಮೊದಲೇ ಎದ್ದು ಓಡಿದಳು. ಅವ್ವ ಬಂದಳು. ಬರಿಗಾಲು ಒದ್ದೆ, ಬಕೆಟ್ಟನ್ನು ಬಾಗಿಲ ಆಚೆ ಇಟ್ಟಳು. ಬಾಗಿಲಲ್ಲೇ ನಿಂತಳು. ಇಪ್ಪತ್ತೆರಡು ವರ್ಷದ ಅಭ್ಯಾಸ. ಪೀಠಿಕೆ ತಾವೇ ಒಂದು ಕುರ್ಚಿ ಎಳೆದರು.

“ಬಾ... ಬನ್ನಿ ತಾಯಿ, ಕೂತ್ಕೊಳ್ಳಿ. ಹೇಳಿ, ನಾನು ನಿಮ್ಮನ್ನ ಏನಂತ ಕರೀತೀನಿ?”

ಅವ್ವ ಕುರ್ಚಿ ನೋಡಿದಳು, ಅವರನ್ನು ನೋಡಿದಳು. “ನಾಲ್ಕು ಅಂತೀರಿ.”

“ತಮಾಷೆ ಮಾಡ್ತಾರೆ!” ಪೀಠಿಕೆ ನಕ್ಕರು. ಬಗ್ಗಿ, ಹಲ್ಲಿನ ಸಂದಿಯಲ್ಲಿ ಅಂದರು, “ಮಗನ ಥರ ಅಂತ ಒಂದು ಮಾತು ಹೇಳು. ಮುಂದಿನ ವರ್ಷಕ್ಕೆ ನೀನೂ ಇರ್ತೀಯ, ಅವಳೂ ಇರ್ತಾಳೆ.”

ಗೋಡೆ ಪಕ್ಕ ನಿಂತ ನನಗೆ ಕೇಳಿಸಿತು. ಹೇಳಿಬಿಡು ಅವ್ವ, ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಹಾಗೆ ಅಂದುಕೊಂಡದ್ದು ನಿಜ, ನಿಮಗೆ ಸುಳ್ಳು ಹೇಳುವುದಿಲ್ಲ. ಆ ಪಟ್ಟಿ ಕಣ್ಣ ಮುಂದಿತ್ತು.

ಅವ್ವ ಮೇಡಮ್ಮಿನ ಕಡೆ ತಿರುಗಿದಳು. “ನಾನು ಇವ್ರನ್ನ ಹೆತ್ತಿಲ್ಲಮ್ಮ,” ಅಂದಳು. “ಹೆತ್ತಿದ್ರೆ ಬಾಗ್ಲು ಹಾಕೋಕೆ ಬಿಡ್ತಿರ್ಲಿಲ್ಲ, ಕೆನ್ನೆಗೆ ಬಾರಿಸಿ ಬೆಳೆಸ್ತಿದ್ದೆ. ನಂಗಿರೋದು ಒಬ್ಳೇ ಮಗ್ಳು. ಅಗೋ, ಗೋಡೆ ಹತ್ರ ನಿಂತಿದ್ದಾಳೆ. ಆ ಪುಸ್ತಕ ಬರ್ದೋಳು ಅವ್ಳು. ನಿಂತ್ಕೊಂಡು ಬರ್ದು ಕಾಲು ಊದಿಸ್ಕೊಂಡು ಬರ್ತಿದ್ಳು, ನಾನೇ ನೀವ್ತಿದ್ದೆ. ಇಲ್ಲಿ ನಾನು ಅವ್ಳನ್ನ ಮಗ್ಳು ಅನ್ನೋ ಹಾಗಿಲ್ಲ. ಎಂಟು ವರ್ಷ ಆಯ್ತು.”

ಎಲ್ಲರೂ ನನ್ನ ಕಡೆ ತಿರುಗಿದರು. ಪೀಠಿಕೆಯವರ ಕಣ್ಣು ನನ್ನನ್ನು ಸುಡುತ್ತಿತ್ತು. ಗೋಡೆಯಿಂದ ಅವಳವರೆಗೆ ಏಳೆಂಟು ಹೆಜ್ಜೆ ಇದ್ದಿರಬಹುದು. ನಡೆದೆ. ಅವಳ ಒದ್ದೆ ಕೈ ಹಿಡಿದುಕೊಂಡೆ. “ಅವ್ವಾ,” ಅಂದೆ. ಮೆತ್ತಗೆ ಅನ್ನಬೇಕೆಂದಿದ್ದೆ, ಕಿರುಚಿದ ಹಾಗೆ ಬಂತು. “ಅವ್ವಾ, ಕೂತ್ಕೋ.” ಅವಳು ಕೂತಳು.

ಹಿರಿಯ ಮೇಡಂ ಪುಸ್ತಕ ಪೀಠಿಕೆಯವರ ಮುಂದೆ ಹಿಡಿದರು. “ಹೋಗ್ಲಿ, ಉತ್ತರ ಹೇಳಿ. ಮೊದಲನೇದು. ಒಂದು ಮಗ್ಗಿಗೆ ಎಷ್ಟು ನೀರು?” ಪೀಠಿಕೆ ಕರವಸ್ತ್ರ ಹುಡುಕಿದರು. ಅವರೂ ರಸಾಯನಶಾಸ್ತ್ರವೇ ಓದಿದ್ದು. ಪ್ರನಾಳ ಮುಟ್ಟಿ ಇಪ್ಪತ್ತು ವರ್ಷವಾಗಿತ್ತು.

“ಒಂಬತ್ತು ಮಗ್ಗು,” ಅಂದಳು ಅವ್ವ, ಕುರ್ಚಿಯಿಂದ. “ನೀರು ಮೊದ್ಲು, ಆಸಿಡ್ ಆಮೇಲೆ. ತಿರುಗಾ ಮುರುಗಾ ಮಾಡಿದ್ರೆ ಮುಖಕ್ಕೆ ಸಿಡಿಯತ್ತೆ. ಬ್ಲೀಚಿಂಗ್ ಹಾಕ್ಲೇಬಾರ್ದು. ಆ ಹೊಗೆ ಗಾಳಿಗಿಂತ ಭಾರ, ಕೆಳಗೇ ಕೂತಿರತ್ತೆ. ನಿಂತೋರಿಗೆ ಅಷ್ಟು ಗೊತ್ತಾಗಲ್ಲ. ಕೂತು ಉಜ್ಜೋರಿಗೆ ತಗಲತ್ತೆ.” ಮೇಡಂ ಪುಸ್ತಕ ಮುಚ್ಚಿದರು. ಮೂವತ್ತು ಮಕ್ಕಳು ಒಟ್ಟಿಗೆ ಎದ್ದು ನಿಂತರು. ಯಾರೂ ಹೇಳಿಕೊಟ್ಟಿರಲಿಲ್ಲ.

ಇಲ್ಲಿಗೆ ಕಥೆ ನಿಲ್ಲಿಸಿದರೆ ಚೆನ್ನಾಗಿರುತ್ತಿತ್ತು. ಆದರೆ ತಿಂಗಳಾದ ಮೇಲೆ ವರದಿ ಬಂತು. ತಂಡದ ಉಳಿದಿಬ್ಬರು ಬರೆದದ್ದು: ‘ಸಂಸ್ಥೆಯ ಮುಖ್ಯಸ್ಥರು ಶುಚಿತ್ವ ಸಿಬ್ಬಂದಿಯನ್ನು ತಾಯಿಯಂತೆ ಕಾಣುತ್ತಾರೆ. ಸಿಬ್ಬಂದಿಗೆ ವೈಜ್ಞಾನಿಕ ಅರಿವೂ ಇದೆ. ಶ್ಲಾಘನೀಯ.’ ಕಾಲೇಜಿನ ದರ್ಜೆ ಒಂದು ಮೆಟ್ಟಿಲು ಮೇಲೇರಿತು. ಹಿರಿಯ ಮೇಡಂ ಬೇರೆ ಹಾಳೆಯಲ್ಲಿ ಏನೇನೋ ಬರೆದಿದ್ದರಂತೆ. ಅದು ಅನುಬಂಧದಲ್ಲಿದೆಯಂತೆ. ಅನುಬಂಧ ಯಾರ ಕೈಗೂ ಸಿಕ್ಕಿಲ್ಲ.

ನಮ್ಮಿಬ್ಬರಿಗೂ ಒಂದೇ ದಿನ ಪತ್ರ ಬಂತು. ಒಂದೇ ಒಕ್ಕಣೆ. ‘ನಿಮ್ಮನ್ನು ಕರ್ತವ್ಯದಿಂದ ಮುಕ್ತಗೊಳಿಸಲಾಗಿದೆ.’ ಮುಕ್ತ! ಅವ್ವನಿಗೆ ಓದಿ ಹೇಳಿದೆ. “ನಿನ್ನ ಪುಸ್ತಕದ ಥರಾನಾ?” ಅಂದಳು. “ಹೂಂ ಅವ್ವಾ. ಇದರಲ್ಲೂ ಹೆಸರಿಲ್ಲ. ನಿನ್ನದು ನಾಲ್ಕು ಅಂತಿದೆ.”

ಮಕ್ಕಳು ಸುಮ್ಮನಿರಲಿಲ್ಲ. ಎರಡು ದಿನ ತರಗತಿಗೆ ಹೋಗಲಿಲ್ಲ. ಪೀಠಿಕೆಯವರ ಅಡ್ಡಹೆಸರೂ ಬದಲಾಗಿದೆ. ಅವರ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ಮಾತೃಶ್ರೀಯವರುನ ಮಗ’ ಎಂದು ಬರೆಯುತ್ತಾರಂತೆ. ದಿನಾ ಒರೆಸುತ್ತಾರಂತೆ, ದಿನಾ ಬರೆಯುತ್ತಾರಂತೆ. ಇದರಿಂದ ನಮಗೆ ಕೆಲಸ ಸಿಗುವುದಿಲ್ಲ, ಗೊತ್ತು. ಆದರೂ ಕೇಳಿದಾಗಲೆಲ್ಲ ಅವ್ವ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ.

ನಿನ್ನೆ ಬೆಳಿಗ್ಗೆ ಪುಸ್ತಕವನ್ನು ಮತ್ತೆ ತೆರೆದು ಕೂತೆ. ಹೌದು, ಕೂತೆ, ಮನೆಯಲ್ಲಿ ಕುರ್ಚಿ ಇದೆ. ಭಂಡಾರದಲ್ಲಿರುವ ನನ್ನ ಮೂಲ ಪ್ರತಿಗೆ ಹೊಸ ಆವೃತ್ತಿ ಹಾಕಬೇಕಿತ್ತು. ದೂರದ ಮೇಷ್ಟರು, ಈ ವರ್ಷವೂ ಇದನ್ನೇ ಪಾಠ ಮಾಡುತ್ತೇವೆ ಎಂದು ಬರೆದಿದ್ದರು. ಮೂರನೆಯ ಪಾಠಕ್ಕೆ ಹದಿನೆಂಟನೆಯ ಲೆಕ್ಕ ಸೇರಿಸಿದೆ, ಅನಿಲದ ಭಾರದ್ದು, ಅವ್ವ ಹೇಳಿದ ಹಾಗೆ. ಅವ್ವ ಪಕ್ಕದಲ್ಲಿ ಕೂತು ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು.

“ಈ ಸಲ ನನ್ನ ಹೆಸ್ರೂ ಹಾಕು,” ಅಂದಳು. “ಬರೆದವರು ಅಂತ ಇರೋ ಕಡೆ. ಪೂರ್ತಿ ಹಾಕು.”

ಹಾಕಿದೆ. ಅವಳದು ಮೊದಲು, ನನ್ನದು ಆಮೇಲೆ.

“ಮತ್ತೆ ಯಾರಾದ್ರೂ ಎತ್ಕೊಂಡು ಹೋದ್ರೆ?”

“ಎತ್ಕೊಂಡು ಹೋಗ್ಲಿ ಅಂತಾನೇ ಹಾಕೋದವ್ವ. ತಿದ್ದಲಿ, ಹಂಚಲಿ.”

“ಎಲ್ಲಾ ತಿದ್ದಲಿ. ನನ್ನ ಯಾಕೆ ತಿದ್ಬೇಕು? ಅವ್ವ ಅಂದ್ರೆ ಏನ್ ಕೊಳಕಾ?” ಅವಳ ದನಿ ಒಡೆಯಿತು. ಅಷ್ಟು ದಿನ ನಗುತ್ತಿದ್ದವಳು. ಸ್ವಲ್ಪ ಹೊತ್ತು ತನ್ನ ಬೆರಳ ತುದಿಗಳನ್ನೇ ನೋಡಿಕೊಂಡಳು. ಆಮೇಲೆ ಅಂದಳು, “ಒಂದು ಮಾತು ಬರಿ. ನಂಗೆ ಓದೋಕೆ ಬರೋದು ಅದೊಂದೇ. ಅದನ್ನೇ ಬರಿ. ಬರೆದ ಮೇಲೆ ನಾನೇ ಓದಿ ನೋಡ್ತೀನಿ.”

ಮೊದಲ ಪುಟದಲ್ಲಿ ಈಗ ಷರತ್ತು ಎರಡಾಗಿದೆ. ‘ಬರೆದವರು ಯಾರೆಂದು ಹೇಳಬೇಕು’ ಎಂಬುದರ ಕೆಳಗೆ ಕೆಂಪು ಅಕ್ಷರದಲ್ಲಿ ಇನ್ನೊಂದು ಸಾಲಿದೆ: ‘ಈ ಪುಸ್ತಕದಲ್ಲಿ ಏನನ್ನು ಬೇಕಾದರೂ ತಿದ್ದಿ. ಅವ್ವನನ್ನು ಮುಟ್ಟಬೇಡಿ.’